ಪಕ್ಕದ ರಾಜ್ಯಕ್ಕೆ ಮೈನಸ್ ಏಳು

ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹೊರಟ ಬಸ್ಸು ತೆರಕಣಾಂಬಿಯಲ್ಲಿ ತರಕಾರಿ ಗಾಡಿಗಳ ಹಿಂದೆ ಸಿಕ್ಕಿಕೊಂಡಿತ್ತು. ಪಕ್ಕದಲ್ಲಿ ಕೂತಿದ್ದ ನನ್ನ ವಿದ್ಯಾರ್ಥಿ ಮೊಬೈಲಿನಲ್ಲಿ ‘ಅನ್‌ಸಿವ್’ ಆಡುತ್ತಿದ್ದ. ‘ಸಿವಿಲೈಸೇಶನ್’ ಸರಣಿಯ ಐದನೇ ಆಟವನ್ನು ಅನುಸರಿಸಿ ಮಾಡಿದ, ಕಾಸು ಕೇಳದ ಆಟ ಅದು. ನಮ್ಮದೊಂದು ಸರದಿ, ಕಂಪ್ಯೂಟರ್ ನಡೆಸುವ ಅರಸರದು ಒಂದೊಂದು ಸರದಿ, ಹೀಗೆ ಆರು ಸಾವಿರ ವರ್ಷ ರಾಜ್ಯಭಾರ ಮಾಡಬೇಕು. ಹುಡುಗ ಇದ್ದಕ್ಕಿದ್ದಂತೆ ತೊಡೆ ಬಡಿದುಕೊಂಡ.

“ನೋಡಿ ಸಾ, ಸುಮ್ಕಿದ್ದೋನ್ ಮೇಲೆ ಗಾಂಧಿ ಯುದ್ಧ ಸಾರ್ಬುಟ್ಟ!”

ಮುಂದಿನ ಸೀಟಿನ ಹೆಂಗಸೊಬ್ಬರು ಗಾಬರಿಯಿಂದ ತಿರುಗಿ ನೋಡಿದರು.

ಈ ಆಟಗಳನ್ನು ಆಡುವವರ ದೂರು ಎಲ್ಲೆಡೆ ಇದೇ. ಕಂಪ್ಯೂಟರ್ ಎದುರಾಳಿ ಮೋಸಗಾರ, ಕಾರಣವಿಲ್ಲದೆ ಮೇಲೆ ಬೀಳುತ್ತಾನೆ, ನಿನ್ನೆ ಕೈ ಕುಲುಕಿದವನು ಇವತ್ತು ಬೆನ್ನಿಗೆ ಚೂರಿ ಹಾಕುತ್ತಾನೆ. ನನ್ನ ತಕರಾರು ಇದಕ್ಕೆ ಉಲ್ಟಾ. ಆ ಎದುರಾಳಿಗೆ ಮೋಸ ಮಾಡುವಷ್ಟು ಬುದ್ಧಿ ಇದ್ದಿದ್ದರೆ ನಾನು ಖುಷಿಪಡುತ್ತಿದ್ದೆ. ಮೋಸಕ್ಕೆ ಒಂದು ಕಾರಣ ಬೇಕು, ಕಾರಣ ಹುಟ್ಟಬೇಕಾದರೆ ಅವನಿಗೊಂದು ಬದುಕು ಇರಬೇಕು. ಇವರಿಗೆ ಇರುವುದು ಅಂಕಿಯಲ್ಲಿ ಬರೆದ ಹುಟ್ಟುಗುಣ ಮತ್ತು ಮುನಿಸಿನ ಲೆಕ್ಕದ ಪುಸ್ತಕ, ಅಷ್ಟೆ.

ಹುಟ್ಟುಗುಣ ಸುಟ್ಟರೂ ಹೋಗದು ಎಂಬ ಗಾದೆಯನ್ನು ಈ ಆಟಗಳಷ್ಟು ನಿಷ್ಠೆಯಿಂದ ನಂಬಿದವರು ಬೇರೆ ಯಾರೂ ಇರಲಾರರು. ಅಜ್ಟೆಕರ ಮಾಂಟೆಜುಮಾ ಎಂದರೆ ಯುದ್ಧಕೋರ, ಜುಲುಗಳ ಶಾಕಾ ಎಂದರೆ ಯುದ್ಧಕೋರ, ಸ್ಪೇನಿನ ಇಸಬೆಲ್ಲಾ ಎಂದರೆ ಧರ್ಮದ ಹೆಸರಲ್ಲಿ ಕೆರಳುವವಳು. ಗಾಂಧಿಯ ಕಥೆ ಎಲ್ಲರಿಗೂ ಗೊತ್ತಿರಬೇಕು. 1991ರ ಮೊದಲ ಆಟದಲ್ಲಿ ಗಾಂಧಿಯ ಆಕ್ರಮಣಶೀಲತೆ 1 ಇತ್ತಂತೆ, ಪ್ರಜಾಪ್ರಭುತ್ವ ಬಂದಾಗ ಅದರಲ್ಲಿ 2 ಕಳೆದರಂತೆ, ಸೊನ್ನೆಗಿಂತ ಕೆಳಗಿಳಿಯಲಾರದ ಅಂಕಿ 255ಕ್ಕೆ ಹಾರಿ ಮಹಾತ್ಮ ಅಣುಬಾಂಬ್ ಹಿಡಿದು ನಿಂತರಂತೆ. ಅಂಥ ದೋಷವೇ ಇರಲಿಲ್ಲ ಎಂದು ಆಟದ ಕರ್ತೃ ಸಿಡ್ ಮೈಯರ್ 2020ರ ತಮ್ಮ ನೆನಪಿನ ಪುಸ್ತಕದಲ್ಲಿ ಬರೆದರು. ಆದರೆ 2010ರ ಐದನೇ ಆಟದಲ್ಲಿ ಗಾಂಧಿಯ ಅಣ್ವಸ್ತ್ರದ ಒಲವಿಗೆ ಹತ್ತರ ಅಳತೆಯಲ್ಲಿ 12 ಎಂದು ಬೇಕೆಂದೇ ತುಂಬಿದ್ದರು. ತಮಾಷೆಗೆ ಮಾಡಿದ್ದು, ನಾನೂ ನಕ್ಕಿದ್ದೇನೆ. ಆದರೆ ಕಾದಂಬರಿಯೊಂದರ ಮೊದಲ ಪುಟದಲ್ಲೇ ಪಾತ್ರಗಳ ಸಿಟ್ಟು ಇಷ್ಟು, ಪ್ರೀತಿ ಇಷ್ಟು ಎಂದು ಅಂಕಪಟ್ಟಿ ಕೊಟ್ಟಿದ್ದರೆ ನಾವು ಎರಡನೇ ಪುಟಕ್ಕೆ ಹೋಗುತ್ತಿದ್ದೆವೇ?

ಗಾಂಧಿಗಿಂತ ನನಗೆ ಕಸಿವಿಸಿ ತಂದದ್ದು ಚಂದ್ರಗುಪ್ತ. ಆರನೇ ಆಟಕ್ಕೆ 2018ರಲ್ಲಿ ಬಂದ ಸೇರ್ಪಡೆಯಲ್ಲಿ ಆತ ಭಾರತದ ಇನ್ನೊಬ್ಬ ನಾಯಕ. ಆತನ ವಿಶೇಷ ಶಕ್ತಿಯ ಹೆಸರು ‘ಅರ್ಥಶಾಸ್ತ್ರ’. ಆತನ ರಾಜತಾಂತ್ರಿಕ ಸ್ವಭಾವವೋ, ಹತ್ತಿರದ ನೆರೆಯವರನ್ನು ಕಂಡರೆ ಆಗದು, ಮುಗಿಯಿತು. ಕೌಟಿಲ್ಯನ ಮಂಡಲದಲ್ಲಿ ಹನ್ನೆರಡು ರಾಜರಿದ್ದಾರೆ, ಮಧ್ಯಮ ಮತ್ತು ಉದಾಸೀನ ಎಂಬ ದೊಡ್ಡವರಿದ್ದಾರೆ. ನೆರೆಯವರಲ್ಲೂ ಶತ್ರುಭಾವದವರು, ಮಿತ್ರಭಾವದವರು, ಭೃತ್ಯಭಾವದವರು ಎಂದು ಆತ ವಿಂಗಡಿಸುತ್ತಾನೆ. ಸಂಧಿ, ವಿಗ್ರಹ, ಆಸನ, ಯಾನ, ಸಂಶ್ರಯ, ದ್ವೈಧೀಭಾವ ಎಂದು ಆರು ದಾರಿ ಹೇಳುತ್ತಾನೆ. ಒಬ್ಬನೊಡನೆ ಸಂಧಿ ಮಾಡಿಕೊಂಡು ಇನ್ನೊಬ್ಬನೊಡನೆ ಕಾದಾಡುವುದು ದ್ವೈಧೀಭಾವ. ಯಾವಾಗ ಸುಮ್ಮನೆ ಕೂರಬೇಕು, ಯಾವಾಗ ಬಲಶಾಲಿಯ ನೆರಳಿಗೆ ಹೋಗಬೇಕು ಎಂಬುದಕ್ಕೂ ಅಲ್ಲಿ ಜಾಗವಿದೆ. ಇಷ್ಟೂ ಹೋಗಿ ಉಳಿದದ್ದು ‘ಪಕ್ಕದವನು ಶತ್ರು’ ಎಂಬ ಒಂದು ಸಾಲು. ಜೈನ ಪರಂಪರೆ ನಂಬುವಂತೆ ರಾಜ್ಯವನ್ನೇ ಬಿಟ್ಟು ಶ್ರವಣಬೆಳಗೊಳಕ್ಕೆ ಬಂದು ಸಲ್ಲೇಖನ ಕೈಗೊಂಡ ಮನುಷ್ಯನ ಹೆಸರಿನಲ್ಲಿ!

ಬಸ್ಸು ಸೇರಬೇಕಿದ್ದ ಗುಂಡ್ಲುಪೇಟೆಯಲ್ಲಿ ಪರವಾಸುದೇವ ದೇವಸ್ಥಾನವಿದೆ. ಚಿಕ್ಕದೇವರಾಜ ಒಡೆಯರು ಅಲ್ಲಿ ತೀರಿಕೊಂಡ ತಮ್ಮ ತಂದೆಯ ನೆನಪಿಗೆ ಕಟ್ಟಿಸಿದ್ದು. ಅಲ್ಲಿಂದ ಊಟಿ ರಸ್ತೆಯಲ್ಲಿ ಸ್ವಲ್ಪ ಮುಂದೆ ಹೋದರೆ ಹಂಗಳ. 1673ರಲ್ಲಿ ಪಟ್ಟಕ್ಕೆ ಬರುವ ಮೊದಲು ಅವರನ್ನು ಮನೆಯವರೇ ಕಾವಲಿನಲ್ಲಿ ಇರಿಸಿದ್ದು ಈ ಹಂಗಳದಲ್ಲಿ. ಅಲ್ಲಿ ಜೊತೆಗಿದ್ದ ಯಳಂದೂರಿನ ವಿಶಾಲಾಕ್ಷ ಪಂಡಿತ ಮುಂದೆ ಮಂತ್ರಿಯಾದ. ಈ ರಾಜನನ್ನು ಆಟದೊಳಗೆ ಹಾಕಿದರೆ ಆಕ್ರಮಣಶೀಲತೆಗೆ ಎಷ್ಟು ಅಂಕ ಕೊಡುತ್ತೀರಿ? ಸುತ್ತಲಿನ ಪಾಳೆಯಗಳನ್ನು ನುಂಗಿದ್ದರಿಂದ 9 ಎನ್ನೋಣವೇ?

ಹಾಗಾದರೆ 1687ನ್ನು ವಿವರಿಸಿ. ಬೆಂಗಳೂರು ಆಗ ಶಿವಾಜಿಯ ಮಲತಮ್ಮ ಏಕೋಜಿಯ ಕೈಯಲ್ಲಿತ್ತು. ಆತ ಇದ್ದದ್ದು ತಂಜಾವೂರಿನಲ್ಲಿ. ಅಷ್ಟು ದೂರದಿಂದ ಬೆಂಗಳೂರನ್ನು ಕಾಯುವುದು ದುಬಾರಿ ಎಂದು ಮೂರು ಲಕ್ಷ ರೂಪಾಯಿಗೆ ಮೈಸೂರಿಗೆ ಮಾರಲು ಮಾತುಕತೆ ನಡೆಸಿದ. ವ್ಯಾಪಾರ ಕುದುರುವಷ್ಟರಲ್ಲಿ ಔರಂಗಜೇಬನ ಸೇನಾನಿ ಕಾಸಿಂ ಖಾನ್ ಬಂದು ಊರು ಹಿಡಿದ. ಮೊಘಲರ ಕಣ್ಣು ಗೋಲ್ಕೊಂಡದ ಮೇಲೆ, ಮರಾಠರ ಮೇಲೆ. ಬೆಂಗಳೂರು ಇಟ್ಟುಕೊಂಡು ಕಾಸಿಂ ಖಾನನಿಗೆ ಆಗಬೇಕಾದ್ದು ಅಷ್ಟಕ್ಕಷ್ಟೆ. ಚಿಕ್ಕದೇವರಾಜರು ಅದೇ ಮೂರು ಲಕ್ಷವನ್ನು ಏಕೋಜಿಯ ಬದಲು ಮೊಘಲರಿಗೆ ಕೊಟ್ಟು ಊರನ್ನು ಪಡೆದರು. ಮುಂದೆ 1699ರಲ್ಲಿ ಔರಂಗಜೇಬನಲ್ಲಿಗೆ ರಾಯಭಾರವನ್ನೂ ಕಳಿಸಿದರು.

ಈ ವ್ಯವಹಾರದಲ್ಲಿ ಯಾರು ಯಾರ ಗೆಳೆಯ? ಮಾರುವವನಿಗೆ ದೂರದ ಖರ್ಚಿನ ಚಿಂತೆ, ಗೆದ್ದವನಿಗೆ ಇನ್ನೊಂದು ಯುದ್ಧದ ಚಿಂತೆ, ಕೊಳ್ಳುವವನಿಗೆ ಕೊಟ್ಟ ಹಣ ಯಾರ ಕೈ ಸೇರಿದರೂ ಊರು ಸಿಕ್ಕರೆ ಸಾಕು. ಇಲ್ಲಿ ನಡೆದ ರಾಜತಂತ್ರವೆಲ್ಲ ಪ್ರತಿಯೊಬ್ಬನ ಇಕ್ಕಟ್ಟಿನಿಂದ ಹುಟ್ಟಿದ್ದು. ಆಟದ ಎದುರಾಳಿಗೆ ಇಕ್ಕಟ್ಟೇ ಇಲ್ಲ. ಅವನಿಗೆ ಭಯವಿಲ್ಲ. ಭಯವಿಲ್ಲದವನು ಸಂಧಿ ಮಾಡಿಕೊಂಡರೂ ಒಂದೇ, ಮುರಿದರೂ ಒಂದೇ.

ಇದೇ ಚಿಕ್ಕದೇವರಾಜರಿಗೆ ಒಳಗಿನ ಶತ್ರುಗಳೂ ಇದ್ದರು. ತೆರಿಗೆಯ ಹೊರೆ ತಾಳದೆ ರೈತರು ಉಳುಮೆ ನಿಲ್ಲಿಸಿದ್ದನ್ನು, ಅದನ್ನು ಅರಸರು ಕ್ರೂರವಾಗಿ ಹತ್ತಿಕ್ಕಿದ್ದನ್ನು ಮೈಸೂರಿನ ಇತಿಹಾಸ ಬರೆದ ಮಾರ್ಕ್ ವಿಲ್ಕ್ಸ್ ದಾಖಲಿಸಿದ್ದಾನೆ. ಹಂಗಳದ ಗೆಳೆಯ ವಿಶಾಲಾಕ್ಷ ಪಂಡಿತನ ಕೊಲೆಯಾಯಿತು. ಗಡಿಯಾಚೆ ಯಾರೊಡನೆ ಯಾವಾಗ ಕಾದಬೇಕು ಎಂಬುದನ್ನು ನಿರ್ಧರಿಸುವಾಗ ಈ ಒಳಗಿನ ಉರಿ ಅರಸನ ತಲೆಯಲ್ಲಿ ಇರದೆ ಇರುತ್ತದೆಯೇ? ಆಟದಲ್ಲಿ ಎದುರಾಳಿಯನ್ನು ಬಲಪಡಿಸುವ ದಾರಿಯೇ ಬೇರೆ. ಆರನೇ ಆಟದ ಅತಿ ಕಠಿಣ ಹಂತದಲ್ಲಿ ನಿಮಗೆ ಒಂದು ವಲಸಿಗರ ತಂಡ ಸಿಕ್ಕರೆ ಅವನಿಗೆ ಆರಂಭದಲ್ಲೇ ಮೂರು. ಬುದ್ಧಿಯ ಬದಲು ಪುಕ್ಕಟೆ ಪಡಿತರ ಕೊಟ್ಟು ‘ಈಗ ಕಷ್ಟವಾಯಿತು ನೋಡಿ’ ಎನ್ನುತ್ತಾರೆ.

ಇದಕ್ಕೆ ಉತ್ತರವೊಂದು ಇದೆ, ಅದು ಹಗುರವಾದದ್ದಲ್ಲ. ನಾಲ್ಕನೇ ಆಟದ ವಿನ್ಯಾಸಕ ಸೋರೆನ್ ಜಾನ್ಸನ್ 2008ರಲ್ಲಿ ಆಟ ತಯಾರಕರ ಸಮ್ಮೇಳನದಲ್ಲಿ ಮಾಡಿದ ಭಾಷಣದ ಶೀರ್ಷಿಕೆಯೇ ‘ಸೋಲಲೆಂದು ಆಡುವುದು’. ಕಂಪ್ಯೂಟರ್ ಮನುಷ್ಯರ ಹಾಗೆ ಗೆಲ್ಲಲಿಕ್ಕೇ ಆಡಿದರೆ, ನೀವು ಗೆಲ್ಲುವ ಹೊತ್ತಿಗೆ ಎಲ್ಲರೂ ಸೇರಿ ನಿಮ್ಮ ಮೇಲೆ ಬೀಳುತ್ತಾರೆ. ಇಪ್ಪತ್ತು ಗಂಟೆ ಆಡಿದವನು ಅದನ್ನು ಅನ್ಯಾಯ ಎನ್ನುತ್ತಾನೆ. 1790ರಲ್ಲಿ ಇಂಗ್ಲಿಷರು, ನಿಜಾಮ, ಮರಾಠರು ಒಟ್ಟಾದಾಗ ಟಿಪ್ಪುವಿಗೆ ಅನ್ನಿಸಿದ್ದೂ ಅದೇ ಇರಬೇಕು. ಆದರೆ ಎದುರಾಳಿಗೆ ಒಳಬದುಕು ಬೇಕು ಎನ್ನುವುದಕ್ಕೂ ಅವನು ಗೆಲ್ಲಲೇಬೇಕು ಎನ್ನುವುದಕ್ಕೂ ವ್ಯತ್ಯಾಸವಿದೆ. ಸೋಲಲಿ, ತನ್ನ ಕಾರಣಕ್ಕೆ ಸೋಲಲಿ. 2022ರಲ್ಲಿ ಮೆಟಾ ಕಂಪನಿಯ ‘ಸಿಸೆರೊ’ ‘ಡಿಪ್ಲೊಮಸಿ’ ಎಂಬ ಹಳೆಯ ಬೋರ್ಡ್ ಆಟವನ್ನು ಮನುಷ್ಯರ ಜೊತೆ ಮಾತಾಡುತ್ತ, ಒಪ್ಪಂದ ಮಾಡಿಕೊಳ್ಳುತ್ತ 40 ಸಲ ಆಡಿ ಮೇಲಿನ ಹತ್ತು ಶೇಕಡಾದಲ್ಲಿ ನಿಂತಿತು. ಪ್ರಾಮಾಣಿಕವಾಗಿರಲೆಂದು ಕಲಿಸಿದ ಆ ಯಂತ್ರವೂ ಜೊತೆಗಾರರಿಗೆ ಕೈಕೊಟ್ಟದ್ದನ್ನು ಆಮೇಲೆ ಸಂಶೋಧಕರು ತೋರಿಸಿದರು. ಇಂಥ ಎದುರಾಳಿ ಆಗದ ಕೆಲಸ ಎಂದು ಇನ್ನು ಯಾರೂ ಹೇಳುವಂತಿಲ್ಲ.

ಆಟ ತಾನೇ, ಯಾಕಿಷ್ಟು ಸಿಟ್ಟು ಎನ್ನಬಹುದು. ಸಿಟ್ಟು ಬರುವುದು ಆ ಲೆಕ್ಕದ ಪುಸ್ತಕಕ್ಕೆ. 2005ರ ನಾಲ್ಕನೇ ಆಟದಿಂದ ಎದುರಾಳಿಯ ಮನಸ್ಸನ್ನು ಪಟ್ಟಿಯಾಗಿ ತೋರಿಸುತ್ತಾರೆ. ವ್ಯಾಪಾರ ಮಾಡಿದ್ದಕ್ಕೆ ಪ್ಲಸ್ ಇಷ್ಟು, ಗಡಿ ತಾಗಿದ್ದಕ್ಕೆ ಮೈನಸ್ ಇಷ್ಟು, ಕೊನೆಗೆ ಒಟ್ಟು ಮೊತ್ತ, ಆ ಮೊತ್ತವೇ ಸಂಬಂಧ. ನಮ್ಮ ಜಿಲ್ಲೆಯ ಹುಡುಗರು ಇದನ್ನು ಕಲಿಯುವುದು ನನಗೆ ಸೋಜಿಗ. ಗುಂಡ್ಲುಪೇಟೆಯಿಂದ ಬಂಡೀಪುರದ ಕಾಡಿನೊಳಗೆ ವಯನಾಡಿಗೆ ಹೋಗುವ ಹೆದ್ದಾರಿಯನ್ನು 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಮುಚ್ಚಿದ್ದಾರೆ. ಆನೆ, ಜಿಂಕೆಗಳ ಜೀವ ಒಂದು ಕಡೆ, ಕೇರಳದವರ ಓಡಾಟ ಇನ್ನೊಂದು ಕಡೆ, ನಡುವೆ ಕೋರ್ಟು. ಅದೇ ರಸ್ತೆಯಲ್ಲಿ ಹಗಲು ಹೊತ್ತು ನಮ್ಮ ತರಕಾರಿ ಅತ್ತ ಹೋಗುತ್ತದೆ. ಓಣಂ ಹತ್ತಿರ ಬಂದರೆ ಚೆಂಡುಮಲ್ಲಿಗೆ ಹೊಲಗಳ ನಡುವೆ ಫೋಟೊ ತೆಗೆಸಿಕೊಳ್ಳಲು ಮಲಯಾಳಿ ಕುಟುಂಬಗಳು ಕಾರು ನಿಲ್ಲಿಸುತ್ತವೆ. ಹೂವಿಗೆ ಪ್ಲಸ್ ಐದು, ರಸ್ತೆಗೆ ಮೈನಸ್ ಏಳು, ಒಟ್ಟು ಮೈನಸ್ ಎರಡು ಎಂದು ಇಲ್ಲಿ ಯಾವ ರೈತ ಕೂಡಿ ಕಳೆದಿದ್ದಾನೆ? ರಸ್ತೆಯ ಜಗಳ ರಸ್ತೆಯಲ್ಲಿದೆ, ಹೂವಿನ ವ್ಯಾಪಾರ ಹೊಲದಲ್ಲಿದೆ. ಎರಡನ್ನೂ ಒಂದೇ ಮೊತ್ತಕ್ಕೆ ಇಳಿಸಿ ‘ಅವರು ಹಾಗೇನೇ’ ಎನ್ನುವವರು ಇದ್ದಾರೆ. ಕಾವೇರಿ ನೀರಿನ ಗಲಾಟೆ ಎದ್ದಾಗಲೆಲ್ಲ ಅವರ ದನಿ ಜೋರಾಗುತ್ತದೆ. 1991ರ ಡಿಸೆಂಬರಿನಲ್ಲಿ ಆ ಮೊತ್ತಕ್ಕೆ ತಮಿಳರ ಮನೆ, ಅಂಗಡಿಗಳು ಸುಟ್ಟವು.

ಬಸ್ಸು ಗುಂಡ್ಲುಪೇಟೆ ನಿಲ್ದಾಣ ತಲುಪುವಷ್ಟರಲ್ಲಿ ಹುಡುಗ ಇನ್ನೂ ಐದಾರು ಸರದಿ ಆಡಿದ್ದ. ಇಳಿಯುವಾಗ ಫೋನ್ ಮುಂದೆ ಹಿಡಿದ. ಗಾಂಧಿ ಈಗ ಶಾಂತಿ ಕೇಳುತ್ತಿದ್ದ, ಜೊತೆಗೆ ಒಂದು ಊರನ್ನೂ ಬಿಟ್ಟುಕೊಡುತ್ತೇನೆ ಎನ್ನುತ್ತಿದ್ದ.

“ಯಾಕ್ ಕೊಡ್ತಾವ್ನೆ ಸಾ? ನಾನಿನ್ನೂ ಒಂದು ಬಾಣಾನೂ ಬುಟ್ಟಿಲ್ಲ.”

ತಗೊಳ್ಳಲೋ ಬೇಡವೋ ಎಂದು ನನ್ನ ಮುಖ ನೋಡಿದ. ನನಗೂ ತಿಳಿಯಲಿಲ್ಲ.