ಗೌರವಧನವೆಂಬ ಅಗೌರವ

ಜಯನಗರದ ಮನೆಗಳಲ್ಲಿ ಮುಸುರೆ ತಿಕ್ಕುವ ತಾಯಂದಿರ ಮಕ್ಕಳನ್ನು ನೋಡಿಕೊಳ್ಳುವವಳು ಅಂಗನವಾಡಿ ಕಾರ್ಯಕರ್ತೆ. ಊಟ, ತೂಕ, ಬಸುರಿ ಬಾಣಂತಿಯರ ಲೆಕ್ಕ. ಸಾಲದ್ದಕ್ಕೆ ಚುನಾವಣೆಯ ಕೆಲಸ ಬೇರೆ! 1975ರಲ್ಲಿ ಈ ಯೋಜನೆ ಟಿ. ನರಸೀಪುರದ ಮೂಲಕ ನಮ್ಮ ನಾಡಿಗೆ ಬಂದಂದಿನಿಂದ ಆಕೆಗೆ ಸಂಬಳವಿಲ್ಲ, 'ಗೌರವಧನ'. 2018ರಲ್ಲಿ ಕೇಂದ್ರವು ತನ್ನ ಲೆಕ್ಕದ ಗೌರವಧನವನ್ನು ತಿಂಗಳಿಗೆ 4,500 ರೂಪಾಯಿಗೆ ಏರಿಸಿತು, ಸಹಾಯಕಿಗೆ 2,250. ರಾಜ್ಯ ತನ್ನದನ್ನು ಸೇರಿಸಿದರೂ ಬನಶಂಕರಿಯಲ್ಲಿ ಬಾಡಿಗೆ ಕೊಟ್ಟ ಮೇಲೆ ಉಳಿಯುವುದೇನು?

2006ರಲ್ಲಿ ಕರ್ನಾಟಕ ಸರ್ಕಾರವೇ ಸುಪ್ರೀಂ ಕೋರ್ಟಿನವರೆಗೆ ಹೋಗಿ, ಇವರದು ಸರ್ಕಾರಿ ಹುದ್ದೆಯಲ್ಲವೆಂದು ಗೆದ್ದು ಬಂತು. 2022ರಲ್ಲಿ ಅದೇ ನ್ಯಾಯಾಲಯ, ಗೌರವಧನವೂ ಕೂಲಿಯೇ, ಗ್ರಾಚ್ಯುಯಿಟಿ ಕೊಡತಕ್ಕದ್ದು ಎಂದಿತು. ಮನೆಗೆ ಹೋಗುವ ದಿನ ನೌಕರಳಾದವಳು ದುಡಿಯುವ ದಿನ ಯಾಕಲ್ಲ? ಹುದ್ದೆ ಕಾಯಂ ಮಾಡಿ, ಸಂಬಳವೆಂದೇ ಬರೆದು ಸಂಬಳ ಕೊಡಿರೆಂದು ನಾವು ಕೇಳುತ್ತೇವೆ.