ಕೋಣೆಗೂ ಒಂದು ದನಿಯಿದೆ

ಈಗ ಹಾಡನ್ನು ಮುದ್ರಿಸಲು ಸ್ಟುಡಿಯೋಗೆ ಹೋಗಬೇಕೆಂದಿಲ್ಲ. ಮಕ್ಕಳ ಹಾಡು, ಮದುವೆಯ ಹಾಡು, ಅಜ್ಜಿಯ ನೆನಪಲ್ಲಷ್ಟೇ ಉಳಿದಿರುವ ಹಳೆಯ ಬ್ಯಾರಿ ಹಾಡು ಎಲ್ಲವನ್ನೂ ಮನೆಯಲ್ಲೇ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಬಹುದು. ಆದರೆ ಮತ್ತೆ ಕೇಳಿದಾಗ ಹಲವರಿಗೆ ನಿರಾಸೆಯಾಗುತ್ತದೆ. ಕಂಠ ಚೆನ್ನಾಗಿದೆ, ರಾಗವೂ ಸರಿಯಿದೆ. ದನಿ ಮಾತ್ರ ಬಾವಿಯೊಳಗಿಂದ ಬಂದಂತಿದೆ! ನಾವು ದೂರುವುದು ಮೊಬೈಲನ್ನು. ಸಾವಿರಾರು ರೂಪಾಯಿ ಕೊಟ್ಟು ಹೊಸ ಮೈಕ್ ತಂದರೂ ಅದೇ ಬಾವಿ ಕೇಳಿಸುತ್ತದೆ. ಏಕೆಂದರೆ ದೋಷವಿರುವುದು ಕೋಣೆಯಲ್ಲಿ.

ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ನಮ್ಮ ಚಿಕ್ಕ ಕೋಣೆಗಳಲ್ಲಿ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಹಲವು ಬಾರಿ ಗೋಡೆಗೆ ಬಡಿದು ಮರಳುತ್ತದೆ. ಸಿಮೆಂಟು ಗೋಡೆ, ಟೈಲ್ಸ್ ನೆಲ, ಗಾಜಿನ ಕಿಟಕಿಗಳು ಅದನ್ನು ಹೆಚ್ಚುಕಡಿಮೆ ಹಾಗೆಯೇ ಹಿಂದಿರುಗಿಸುತ್ತವೆ. ಎದುರು ಕುಳಿತು ಕೇಳುವಾಗ ನಮ್ಮ ಕಿವಿ ಮತ್ತು ಮೆದುಳು ಈ ಮರುದನಿಯನ್ನು ಬಹುಮಟ್ಟಿಗೆ ಬದಿಗಿಡುತ್ತವೆ. ಮೈಕಿಗೆ ಆ ವಿವೇಕವಿಲ್ಲ.

1895ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಹೊಸ ಉಪನ್ಯಾಸ ಮಂದಿರದಲ್ಲಿ ಇದೇ ತೊಂದರೆಯಿತ್ತು. ಆಡಿದ ಮಾತು ಐದು ಸೆಕೆಂಡಿಗೂ ಹೆಚ್ಚು ಹೊತ್ತು ಗುಂಯ್‌ಗುಟ್ಟಿ ಮುಂದಿನ ಮಾತನ್ನು ನುಂಗುತ್ತಿತ್ತು. ವ್ಯಾಲೇಸ್ ಸಬೀನ್ ಎಂಬ ತರುಣ ಭೌತಶಾಸ್ತ್ರ ಅಧ್ಯಾಪಕರು ಪಕ್ಕದ ರಂಗಮಂದಿರದ ಆಸನಗಳ ಮೆತ್ತೆಗಳನ್ನು ರಾತ್ರಿ ಹೊತ್ತು ತಂದು ಅಲ್ಲಿ ಹರಡಿದರು. ಮೆತ್ತೆಗಳು ಹೆಚ್ಚಿದಂತೆ ಗುಂಗು ಕಡಿಮೆಯಾಗುತ್ತಾ ಬಂತು. ಈ ಲೆಕ್ಕಾಚಾರದ ಆಧಾರದಲ್ಲೇ 1900ರಲ್ಲಿ ತೆರೆದ ಬೋಸ್ಟನ್ ಸಿಂಫನಿ ಹಾಲ್ ರೂಪುಗೊಂಡಿತು.

ಆ ಮೆತ್ತೆಗಳ ಪಾಠ ನಮ್ಮ ಮನೆಗೂ ಸಲ್ಲುತ್ತದೆ. ಪ್ರತಿ ಕೋಣೆಯಲ್ಲೂ ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ ನೋಡಿ. ಟಣ್ಣೆಂದು ಉಳಿಯುವಲ್ಲಿ ರೆಕಾರ್ಡ್ ಮಾಡಬೇಡಿ. ಹಾಸಿಗೆ, ದಿಂಬು, ಬಟ್ಟೆಯ ಕಪಾಟು ಇರುವ ಮಲಗುವ ಕೋಣೆ ಸಾಮಾನ್ಯವಾಗಿ ಉತ್ತಮ. ಕಪಾಟಿನ ಬಾಗಿಲು ತೆರೆದಿಡಿ. ನೆಲಕ್ಕೆ ಜಮಖಾನ ಹಾಸಿ. ಹಾಡುವವರ ಬೆನ್ನ ಹಿಂದೆ ದಪ್ಪ ರಜಾಯಿಯೊಂದನ್ನು ತೂಗುಹಾಕಿ. ಮೈಕ್ ನೋಡುತ್ತಿರುವುದು ಆ ಕಡೆಗೇ. ಮೂಲೆಯಲ್ಲಿ ಕೂರಬೇಡಿ, ಅಲ್ಲಿ ತಗ್ಗಿನ ಸ್ವರಗಳು ಗುಡುಗುತ್ತವೆ. ಮೈಕ್ ಬಾಯಿಂದ ಒಂದು ಗೇಣು ದೂರದಲ್ಲಿರಲಿ. ದೂರ ಹೋದಷ್ಟೂ ಕಂಠ ಕುಗ್ಗಿ ಕೋಣೆಯ ದನಿ ಮೇಲಾಗುತ್ತದೆ. ಫ್ಯಾನ್ ನಿಲ್ಲಿಸಿ.

ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸುವ ಸಲಹೆಯನ್ನು ನೀವೂ ಕೇಳಿರಬಹುದು. ತೆಳು ರಟ್ಟಿನಿಂದ ಹೆಚ್ಚಿನ ಪ್ರಯೋಜನವಿಲ್ಲ. ಬೇಕಾದದ್ದು ದಪ್ಪ ಮತ್ತು ಭಾರ. ಇನ್ನೊಂದು ಮಾತು: ರಜಾಯಿ ಒಳಗಿನ ಮರುದನಿಯನ್ನು ಹೀರುತ್ತದೆಯೇ ಹೊರತು ಬೀದಿಯ ಹಾರ್ನ್ ಸದ್ದನ್ನು ತಡೆಯದು. ಅದಕ್ಕೆ ನಸುಕಿನ ನಿಶ್ಶಬ್ದವೇ ಮದ್ದು.

ಮರುದನಿಯನ್ನು ಆಮೇಲೆ ಕಂಪ್ಯೂಟರಿನಲ್ಲಿ ತೆಗೆಯಬಹುದಲ್ಲವೇ ಎಂದು ಕೇಳುವವರಿದ್ದಾರೆ. ತಕ್ಕಮಟ್ಟಿಗೆ ತಗ್ಗಿಸಬಹುದು. ಆದರೆ ಅದರೊಂದಿಗೆ ಕಂಠದ ಸಹಜತೆಯೂ ಸ್ವಲ್ಪ ಹೋಗಿಬಿಡಬಹುದು. ಮಕ್ಕಳಾದರೆ ನಾಳೆ ಮತ್ತೆ ಹಾಡುತ್ತಾರೆ. ಹಿರಿಯರ ದನಿಗೆ ಆ ಭರವಸೆಯಿಲ್ಲ. ಅಜ್ಜಿಯನ್ನು ಹಾಡಲು ಕೂರಿಸುವ ಮುನ್ನ ಹತ್ತು ನಿಮಿಷ ಕೋಣೆಯನ್ನು ಅಣಿಗೊಳಿಸಿ. ಮೊಮ್ಮಕ್ಕಳು ಮುಂದೆ ಕೇಳಬೇಕಾದದ್ದು ಅವರ ದನಿಯನ್ನು, ನಮ್ಮ ಗೋಡೆಗಳ ದನಿಯನ್ನಲ್ಲ.