ಮಗುವಿಗೊಂದು ರೆಕಾರ್ಡ್ ಪ್ಲೇಯರ್: ಸೂಟ್‌ಕೇಸೋ, ಆಟೊಮ್ಯಾಟಿಕ್ಕೋ?

ಹತ್ತು ವರ್ಷದ ಮಗು ರೆಕಾರ್ಡ್ ಪ್ಲೇಯರ್ ಬೇಕೆಂದು ಹಟ ಹಿಡಿದರೆ ಅಪ್ಪ ಅಮ್ಮ ಮೊದಲು ಕೇಳುವುದು, ಫೋನಿನಲ್ಲಿ ಎಲ್ಲ ಹಾಡೂ ಸಿಗುವಾಗ ಇದ್ಯಾಕೆ ಎಂದು. ಈ ಪ್ರಶ್ನೆಯನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಹೊಸ ಎಲ್‌ಪಿ ರೆಕಾರ್ಡ್ ಒಂದಕ್ಕೆ ಎರಡು ಮೂರು ಸಾವಿರ ರೂಪಾಯಿ ಆಗುತ್ತದೆ, ಅದರ ಒಂದು ಮಗ್ಗುಲಿಗೆ ಹಿಡಿಯುವುದು ಇಪ್ಪತ್ತು ಚಿಲ್ಲರೆ ನಿಮಿಷದ ಸಂಗೀತ. ಬಿಸಿಲಿಗೆ ಇಟ್ಟರೆ ಬಾಗುತ್ತದೆ, ಧೂಳು ಕೂತರೆ ಚಟಪಟ ಎನ್ನುತ್ತದೆ. ಇಷ್ಟೆಲ್ಲ ಖರ್ಚು ಮಾಡಿಸಿಕೊಂಡ ಮಗು ಎರಡು ತಿಂಗಳಲ್ಲಿ ಅದನ್ನು ಮರೆತುಬಿಡಲೂಬಹುದು.

ಆದರೂ ಫೋನು ಕಲಿಸಲಾಗದ ಒಂದು ಪಾಠ ಪ್ಲೇಟಿನಲ್ಲಿದೆ. ಸ್ಪೀಕರಿನ ದನಿಯನ್ನು ಪೂರ್ತಿ ಇಳಿಸಿ, ತಿರುಗುತ್ತಿರುವ ರೆಕಾರ್ಡಿನ ಹತ್ತಿರ ಮಗುವಿಗೆ ಕಿವಿ ಇಡಲು ಹೇಳಿ. ಮುಳ್ಳಿನಿಂದಲೇ ಹಾಡು ಸಣ್ಣಗೆ ಕೇಳಿಸುತ್ತದೆ. ಆಮೇಲೆ ಪ್ಲೇಟು ನಿಲ್ಲಿಸಿ ಭೂತಗನ್ನಡಿ ಕೊಡಿ. ನೂರಾರು ಗೆರೆಗಳಂತೆ ಕಾಣುವುದು ನಿಜವಾಗಿ ಹೊರಗಿನ ಅಂಚಿನಿಂದ ಒಳಕ್ಕೆ ಸುತ್ತಿಕೊಂಡು ಹೋಗುವ ಒಂದೇ ಒಂದು ಗೀರು. ಹಾಡು ಮೆಲ್ಲಗಿರುವ ಕಡೆ ಗೀರು ನೇರವಾಗಿರುತ್ತದೆ, ಜೋರಾದ ಕಡೆ ಅಂಕುಡೊಂಕಾಗುತ್ತದೆ. ಸದ್ದೆಂದರೆ ನಡುಕ ಎಂಬುದನ್ನು ಮಗು ಕಣ್ಣಾರೆ ಕಾಣುತ್ತದೆ. ನನ್ನ ಮಟ್ಟಿಗೆ ಹಣ ಹಾಕಲು ಇದೊಂದೇ ಕಾರಣ ಸಾಕು.

ಕೊಳ್ಳಲು ಹೊರಟರೆ ಮೊದಲು ಕಣ್ಣಿಗೆ ಬೀಳುವುದು ಸೂಟ್‌ಕೇಸ್ ಪ್ಲೇಯರ್. ಕ್ರಾಸ್ಲಿ, ವಿಕ್ಟ್ರೋಲಾ ಮುಂತಾದ ಹೆಸರಿನಲ್ಲಿ ಬರುವ, ಸ್ಪೀಕರನ್ನೂ ಒಳಗೇ ಇಟ್ಟುಕೊಂಡ ಬಣ್ಣಬಣ್ಣದ ಪೆಟ್ಟಿಗೆ. ರೆಕಾರ್ಡ್ ಸಂಗ್ರಾಹಕರಿಗೆ ಇದರ ಹೆಸರೆತ್ತಿದರೇ ಸಿಟ್ಟು. ಅವರ ತಕರಾರಿನಲ್ಲಿ ಹುರುಳಿದೆ. ಇದರ ಸಿರಾಮಿಕ್ ಕಾರ್ಟ್ರಿಜ್, ಅಂದರೆ ಮುಳ್ಳನ್ನು ಹಿಡಿದಿರುವ ಭಾಗ, ಗೀರಿನ ಮೇಲೆ ಐದಾರು ಗ್ರಾಂ ಭಾರ ಹಾಕುತ್ತದೆ. ಒಳ್ಳೆಯ ಮ್ಯಾಗ್ನೆಟ್ ಕಾರ್ಟ್ರಿಜ್‌ಗೆ ಎರಡರಿಂದ ಮೂರೂವರೆ ಗ್ರಾಂ ಸಾಕು. ಜೊತೆಗೆ, ಸ್ಪೀಕರು ಅದೇ ಪೆಟ್ಟಿಗೆಯಲ್ಲಿ ಇರುವುದರಿಂದ ದನಿ ಏರಿಸಿದಾಗ ಪೆಟ್ಟಿಗೆಯೇ ಅದುರಿ ಮುಳ್ಳು ಗೀರು ಬಿಟ್ಟು ಹಾರುತ್ತದೆ. ಮಗು ತಪ್ಪು ತನ್ನದೇ ಎಂದುಕೊಳ್ಳುತ್ತದೆ, ಯಂತ್ರದ್ದು ಎಂದು ಅದಕ್ಕೆ ಹೊಳೆಯುವುದಿಲ್ಲ.

ಹಾಗಂತ ಒಂದು ಸಲ ನುಡಿಸಿದರೆ ಪ್ಲೇಟು ಹಾಳಾಯಿತು ಎನ್ನುವುದು ಅತಿಯಾಯಿತು. ಸವೆತ ನಿಧಾನವಾಗಿ ಆಗುವಂಥದ್ದು. ಅರುವತ್ತು ಎಪ್ಪತ್ತರ ದಶಕದಲ್ಲಿ ನಮ್ಮ ಎಷ್ಟೋ ಮನೆಗಳಲ್ಲಿದ್ದ ಪ್ಲೇಯರುಗಳೂ ಇಂಥದೇ ಭಾರದ ಮುಳ್ಳಿನವು. ಅವುಗಳ ಮೇಲೆ ತಿರುಗಿದ ಪ್ಲೇಟುಗಳು ಇವತ್ತೂ ಹಾಡುತ್ತಿವೆ. ಸೂಟ್‌ಕೇಸಿನ ದೊಡ್ಡ ಗುಣ, ಮಗು ಅದನ್ನು ತಾನೇ ಎತ್ತಿಕೊಂಡು ಹೋಗಿ, ತಾನೇ ತೆರೆದು, ದೊಡ್ಡವರನ್ನು ಕರೆಯದೆ ಹಾಡು ಹಾಕಬಹುದು. ಪರಚು ಬಿದ್ದ ಹಳೆಯ ಅಗ್ಗದ ಪ್ಲೇಟುಗಳನ್ನು ಅದಕ್ಕೆಂದೇ ತೆಗೆದಿಟ್ಟರೆ ಕಳೆದುಕೊಳ್ಳುವುದೇನೂ ಇಲ್ಲ.

ಇನ್ನೊಂದು ದಾರಿ ಆಡಿಯೋ-ಟೆಕ್ನಿಕಾ ಎಟಿ-ಎಲ್‌ಪಿ60ಎಕ್ಸ್‌ನಂಥ ಆಟೊಮ್ಯಾಟಿಕ್ ಟರ್ನ್‌ಟೇಬಲ್. ಬೆಲೆ ಸೂಟ್‌ಕೇಸಿನ ಸುಮಾರು ಎರಡರಷ್ಟು. ಗುಂಡಿ ಒತ್ತಿದರೆ ಮುಳ್ಳು ಹೊತ್ತ ಕೈ ತಾನೇ ಎದ್ದು ಹೋಗಿ ಪ್ಲೇಟಿನ ಅಂಚಿಗೆ ಇಳಿಯುತ್ತದೆ, ಮುಗಿದ ಮೇಲೆ ಹಿಂದಕ್ಕೆ ಬಂದು ಕೂರುತ್ತದೆ. ಮುಳ್ಳು ಸವೆದರೆ ಅದೊಂದನ್ನೇ ಬದಲಿಸಬಹುದು. ಫೋನೊ ಪ್ರೀಆಂಪ್ ಒಳಗೇ ಇರುವುದು ಮತ್ತೊಂದು ಅನುಕೂಲ. ಪ್ಲೇಟು ಕತ್ತರಿಸುವಾಗ ತಗ್ಗಿನ ಸ್ವರಗಳನ್ನು ಕುಗ್ಗಿಸಿ, ಮೇಲಿನ ಸ್ವರಗಳನ್ನು ಹಿಗ್ಗಿಸಿ ಬರೆದಿರುತ್ತಾರೆ. ಪ್ರೀಆಂಪ್ ಅದನ್ನು ಸರಿಪಡಿಸಿ, ಕೆಲವೇ ಮಿಲಿವೋಲ್ಟಿನ ಸಂಕೇತವನ್ನು ದೊಡ್ಡದು ಮಾಡುತ್ತದೆ. ಅದಿಲ್ಲದ ಟರ್ನ್‌ಟೇಬಲ್ಲನ್ನು ನೇರ ಸ್ಪೀಕರಿಗೆ ಸಿಕ್ಕಿಸಿದರೆ ಹಾಡು ತಗಡಿನ ಡಬ್ಬಿಯೊಳಗಿಂದ ಬಂದಂತೆ ಕೇಳುತ್ತದೆ. ಅದು ಒಳಗೇ ಇದ್ದರೆ ಮನೆಯಲ್ಲಿರುವ ಕಂಪ್ಯೂಟರ್ ಸ್ಪೀಕರೇ ಸಾಕು, ಹೊಸದು ಬೇಡ.

ಕೊರತೆ ಇದರಲ್ಲೂ ಇದೆ. ಉಸಿರು ಬಿಗಿಹಿಡಿದು ಮುಳ್ಳನ್ನು ಸರಿಯಾದ ಗೆರೆಗೆ ಇಳಿಸುವ ಕೈಚಳಕವನ್ನು ಗುಂಡಿ ಕಸಿದುಕೊಳ್ಳುತ್ತದೆ, ಮಕ್ಕಳಿಗೆ ಇಷ್ಟವಾಗುವುದೇ ಅದು. ತಂತಿಗಳ ಗೋಜಲು ಬೇರೆ. ಇನ್ನೊಂದು ಕೊರತೆ ನಮ್ಮ ಮನೆಗಳಿಗೆ ಹೆಚ್ಚು ತಟ್ಟುವಂಥದ್ದು. ಈ ಯಂತ್ರಕ್ಕೆ ನಿಮಿಷಕ್ಕೆ 33 ಮತ್ತು 45 ಸುತ್ತಿನ ವೇಗ ಮಾತ್ರ ಗೊತ್ತು. ಅಟ್ಟದಲ್ಲಿ ಅಜ್ಜನ ಕಾಲದ 78ರ ಅರಗಿನ ಪ್ಲೇಟುಗಳಿದ್ದರೆ, ಗಂಗೂಬಾಯಿ ಹಾನಗಲ್ ಅವರ ಎಳೆಯ ದನಿಯೇ ಅದರಲ್ಲಿದ್ದರೂ, ಇದರಲ್ಲಿ ಕೇಳಲಾಗದು. ಸೂಟ್‌ಕೇಸುಗಳಲ್ಲಿ ಸಾಮಾನ್ಯವಾಗಿ 78 ಇರುತ್ತದೆ. ಆದರೆ ಆ ಅಗಲ ಗೀರಿಗೆ ಬೇಕಾದ ದಪ್ಪ ಮುಳ್ಳು ಅದರಲ್ಲಿಯೂ ಇರುವುದಿಲ್ಲ, ಎಲ್‌ಪಿಯ ಸಣ್ಣ ಮುಳ್ಳು ಗೀರಿನ ತಳದಲ್ಲಿ ಉಜ್ಜಿಕೊಂಡು ಹೋಗುತ್ತದೆ. ಆ ಪ್ಲೇಟುಗಳನ್ನು ಮಗುವಿನ ಯಂತ್ರದಿಂದ ದೂರ ಇಡುವುದೇ ಮೇಲು.

ಅಮೆರಿಕದಲ್ಲಿರುವ ನೆಂಟರು ಅಲ್ಲಿಯ ಹಳೆಯ ಟರ್ನ್‌ಟೇಬಲ್ ತಂದುಕೊಡುತ್ತೇವೆ ಎಂದರೆ ಒಪ್ಪುವ ಮುಂಚೆ ಯೋಚಿಸಿ. ಅಲ್ಲಿ 120 ವೋಲ್ಟ್, 60 ಹರ್ಟ್ಸ್. ಇಲ್ಲಿ 230 ವೋಲ್ಟ್, 50 ಹರ್ಟ್ಸ್. ಟ್ರಾನ್ಸ್‌ಫಾರ್ಮರ್ ವೋಲ್ಟನ್ನು ಇಳಿಸೀತು, ಹರ್ಟ್ಸನ್ನು ಬದಲಿಸದು. ಹಳೆಯ ಎಸಿ ಮೋಟರು ಇಲ್ಲಿ ಆರನೇ ಒಂದು ಭಾಗ ನಿಧಾನವಾಗಿ ತಿರುಗಿ, ಹಾಡು ಎಳೆದೆಳೆದು ಬರುತ್ತದೆ.

ಇನ್ನು, ಮಗುವಿಗೆ ಕನ್ನಡದಲ್ಲಿ ಏನು ಕೇಳಿಸುವುದು? ನನಗೆ ಅತಿ ಹೆಚ್ಚು ಕಾಡುವ ಪ್ರಶ್ನೆ ಇದು. ನಮ್ಮ ಭಾವಗೀತೆ ಮನೆಮನೆಗೆ ಬಂದದ್ದು ಕ್ಯಾಸೆಟ್ಟಿನಲ್ಲಿ. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ 'ನಿತ್ಯೋತ್ಸವ' 1978ರಲ್ಲಿ ಹೊರಬಂದ ಮೇಲೆ ಅದೇ ದಾರಿಯಾಯಿತು. ಹಾಗಾಗಿ ಪ್ಲೇಟಿನಲ್ಲಿ ಮುಖ್ಯವಾಗಿ ಸಿಗುವುದು ಹಳೆಯ ಸಿನಿಮಾ ಹಾಡು, ಭೀಮಸೇನ ಜೋಶಿ, ಮಲ್ಲಿಕಾರ್ಜುನ ಮನ್ಸೂರರಂಥವರ ಶಾಸ್ತ್ರೀಯ ಸಂಗೀತ, ಭಕ್ತಿಗೀತೆ. ಮಕ್ಕಳ ಹಾಡು ಕಡಿಮೆ. ಸಿನಿಮಾ ಹಾಡಿನ ಏಳು ಇಂಚಿನ ಇಪಿಗಳು ಹಳೆಯ ಸಾಮಾನಿನ ಅಂಗಡಿಗಳಲ್ಲಿ ಹೊಸ ಎಲ್‌ಪಿಗಿಂತ ಎಷ್ಟೋ ಅಗ್ಗ. ಚಿಕ್ಕ ಕೈಗೆ ಹಿಡಿಯಲೂ ಹಗುರ, ಮಗ್ಗುಲಿಗೆ ಒಂದೆರಡು ಹಾಡು ಮಾತ್ರ ಇರುವುದರಿಂದ ಕೇಳುವ ತಾಳ್ಮೆಗೂ ತಕ್ಕದು. ಮನೆಯಲ್ಲಿ ಒಂದೂ ಪ್ಲೇಟಿಲ್ಲದೆ, ಕೊಳ್ಳುವ ಉಮೇದು ದೊಡ್ಡವರಿಗೂ ಇಲ್ಲದಿದ್ದರೆ ಯಂತ್ರ ತರುವುದು ಬೇಡ.

ಎರಡನ್ನೂ ತೂಗಿದ ಮೇಲೆ ನನ್ನ ತೀರ್ಮಾನ ಇಷ್ಟು. ಏಳೆಂಟು ವರ್ಷ ದಾಟಿದ, ನಿಜಕ್ಕೂ ಆಸೆಪಡುವ ಮಗುವಿಗೆ, ಮನೆಯಲ್ಲಿ ಉಳಿಸಿಕೊಳ್ಳಬೇಕಾದ ರೆಕಾರ್ಡುಗಳಿದ್ದರೆ, ಇನ್ನೊಂದಿಷ್ಟು ತಿಂಗಳು ಹಣ ಕೂಡಿಟ್ಟು ಆಟೊಮ್ಯಾಟಿಕ್ ಕೊಳ್ಳಿ. ಅಷ್ಟು ಸಾಧ್ಯವಿಲ್ಲದವರು ಸೂಟ್‌ಕೇಸ್ ಕೊಂಡರೆ ನಾಚಬೇಕಾದ್ದಿಲ್ಲ, ಅಗ್ಗದ ಪ್ಲೇಟುಗಳಿಗೆ ಅದು ಸಾಕು. ಯಾವುದೇ ಆಗಲಿ, ದುಡ್ಡು ಕೊಡುವ ಮುನ್ನ ಅಂಗಡಿಯವರನ್ನು ಒಂದು ಮಾತು ಕೇಳಿ: ಇದರ ಮುಳ್ಳು ಬದಲಿಸಬಹುದೇ, ಬದಲಿ ಮುಳ್ಳು ನಿಮ್ಮಲ್ಲಿ ಸಿಗುತ್ತದೆಯೇ? ಇಲ್ಲ ಎಂದರೆ ಬೇರೆ ಅಂಗಡಿಗೆ ಹೋಗಿ.